ಡಾಕ್ಟರ್ ಬಾಯಾರಿಗೆ ಗಾಜಿನ ಅಂದಾಜು ಪಟ್ಟಿ

ಒಂಬತ್ತು ಫೂಟು ಅಗಲ, ಏಳೂವರೆ ಎತ್ತರ.
ಟೇಪು ಎರಡು ಸಲ ಹಿಡದೀನಿ, ಬಾಯಾರ,
ಯಾದಗಿರಿ ಗೋಡಿ ನಂಬೂಹಂಗಿಲ್ಲ,
ಮ್ಯಾಲ ಒಂದು ಅಳತಿ, ಕೆಳಗ ಒಂದು,
ಸ್ಟೇಷನ್ ರೋಡಿನಾಗಂತೂ ರೈಲು ಹೋದಾಗೊಮ್ಮೆ
ನಡುಕ ಬೇರೆ.

ನೀವು ಕೇಳಿದ್ದು: ಸಾದಾ ಗಾಜೋ, ಸ್ವಿಚ್ಚಿನ ಗಾಜೋ.
ಎರಡರ ರೇಟೂ ಕೆಳಗ ಬರದೀನಿ.
ಅದಕ್ಕೂ ಮೊದಲು ನಾಲ್ಕು ಮಾತು,
ಬಿಲ್ಲಿನಾಗ ಕೂಡದಂಥವು.

ಸಾದಾ ಗಾಜಿಗೆ ಗುಟ್ಟು ಗೊತ್ತಿಲ್ಲ.
ಕರೆಂಟು ಇರಲಿ, ಹೋಗಲಿ,
ನೊಣ ಕೂತರ ಎರಡೂ ಕಡೆ ಕೂತಂಗ.
ಒಡದರ ನಮ್ಮ ಅಂಗಡ್ಯಾಗೇ ಸಿಗ್ತದ,
ಒರಸಲಿಕ್ಕೆ ಹಳೇ ಪೇಪರು, ಹನಿ ನೀರು.
ಮರೆ ಬೇಕಂದ್ರ ಮಾತ್ರ
ಮತ್ತ ಅದಾ ಸರಳು, ಅದಾ ಕಡಿ, ಅದಾ ಪಡದಾ.

ಸ್ವಿಚ್ಚಿನ ಗಾಜು ಹೈದರಾಬಾದಿನಿಂದ ಬರಬೇಕು,
ಹುಲ್ಲಿನ ನಡುವ, ದಾರಿಯುದ್ದಕ್ಕೂ ನಿಂತೇ.
ಎರಡು ಹಾಳಿ ಗಾಜಿನ ನಡುವ
ಹಾಲಿನ ಕೆನಿಗಿಂತಾ ತೆಳ್ಳನ ಪದರ,
ಅಂಚಿಗೆ ತಂತಿ, ತಂತಿಗೊಂದು ಡಬ್ಬಿ.
ಮಂದಿ ತಿಳಕೊಂಡದ್ದು ಉಲ್ಟಾ,
ಕರೆಂಟು ಕೊಟ್ಟರ ಮರೆ ಆಗ್ತದಂತ.
ಇಲ್ರಿ. ಕರೆಂಟು ಇದ್ದರ ಬಾವಿ ನೀರು,
ತೆಗದರ ಮಜ್ಜಿಗಿ.
ಮೇ ತಿಂಗಳ ಮಧ್ಯಾಹ್ನ ಊರೆಲ್ಲಾ ಕರೆಂಟು ಹೋಗಿ
ಫ್ಯಾನು ನಿಂತು, ಮಂದಿ ಬೀಸಣಿಗಿ ಹುಡುಕುವಾಗ
ಈ ಗಾಜು ತಾನಾಗೇ
ತಲಿ ಮ್ಯಾಲ ಸೆರಗು ಹೊದ್ದು ಕುಂದರ್ತದ.
ಅದು ಅದರ ಮರ್ಯಾದಿ.

ಹುಳುಕೂ ಹೇಳ್ತೀನಿ.
ಧ್ವನಿ ತಡೆಯೂದಿಲ್ಲ, ನರಳಿದ್ದು ಕೇಳ್ತದ.
ಹುಳಿ ವಾಸನಿ ಸಿಲಿಕಾನ್ ಹಚ್ಚಿದರ ಅಂಚು ತಿಂತದ,
ಅಗ್ಗ ಅಂತ ಬ್ಯಾರೆದವರು ಹಚ್ಚತಾರ, ನಾ ಹಚ್ಚೂದಿಲ್ಲ.
ದೂರ ನಿಂತವರು ಕರಗಿ ಹೋಗ್ತಾರ ಖರೆ,
ಗಾಜಿಗೆ ಅಂಗೈ ಒತ್ತಿದರ ಮಾತ್ರ
ಐದೂ ಬೆರಳು ಎಣಿಸಬಹುದು.

ಹೋದ ವರ್ಷ ಒಂದು ಸೊಸೈಟಿ ಚೇರಮನ್ನರ ಕ್ಯಾಬಿನ್ನಿಗೆ
ಇಂಥಾದೇ ಕೂಡಿಸಿದೆ.
ಸ್ವಿಚ್ಚು ಟೇಬಲ್ ಕೆಳಗ, ಅವರ ಮೊಣಕಾಲಿನ ಸನೇಕ.
ಮೊದಲನೇ ದಿನ ಪೇಢೆ ಹಂಚಿ
ತಿಳಿ, ಬಿಳಿ, ತಿಳಿ, ಬಿಳಿ ಮಾಡಿ ನಕ್ಕರು.
ಆಮ್ಯಾಲೆ ಬಾಕಿ ಕೇಳಲಿಕ್ಕೆ ನಾಲ್ಕು ಸಲ ಹೋದೆ.
ನಾಲ್ಕನೇ ಸಲ,
ರೊಕ್ಕ ಎಣಿಸೂ ಹುಡುಗಿ, ಶಿವಲೀಲಾ ಅಂತ,
ಫೈಲು ಹಿಡಕೊಂಡು ಒಳಗ ಹೋದಳು.
ಗಾಜು ಬೆಳ್ಳಗಾಯ್ತು.
ಹೊರಗಿನ ಆರು ಮಂದಿ ಒಮ್ಮೆಲೇ
ತಮ್ಮ ತಮ್ಮ ರಜಿಸ್ಟರಿನೊಳಗ ಮುಖ ಇಟ್ಟರು.
ನಾ ಕೂಡಿಸಿದ ಗಾಜು, ಬಾಯಾರ.
ನಾನೂ ಬಾಕಿ ಚೀಟಿ ಓದಿಕೋತ ನಿಂತೆ,
ಮ್ಯಾಲಿಂದ ಕೆಳಗ, ಕೆಳಗಿಂದ ಮ್ಯಾಲ.
ಗಾಜಿನ ಮ್ಯಾಲ ಒಂದು ಅಂಗೈ ಮೂಡಿತು.
ಐದೂ ಬೆರಳು.
ನಾ ಎಣಿಸಿದೆ.
ಬಾಗಿಲು ಬಡೀಲಿಲ್ಲ.

ಬಾಕಿ ಇನ್ನೂ ಬಂದಿಲ್ಲ, ಕೇಳಲಿಕ್ಕೂ ಹೋಗಿಲ್ಲ.

ನಮ್ಮವ್ವ ದೊಡ್ಡ ದವಾಖಾನ್ಯಾಗ ಮಲಗಿದ್ದಾಗ
ಹಸಿರು ಪಡದಾ ಒಂದು ಗೇಣು ಕಡಿಮಿ ಇತ್ತು.
ಸಲಾಯನ್ ಇಲ್ಲದ ಕೈಲೆ
ಎರಡೂ ಅಂಚು ಕೂಡಿಸಿ ತಾನೇ ಹಿಡದಿದ್ದಳು,
ನಿದ್ದಿ ಬಂದಾಗೂ ಬಿಡಲಿಲ್ಲ.

ಹಿಂಗಾಗಿ ರೇಟು.
ಸಾದಾ: ಹದಿನೆಂಟು ಸಾವಿರ, ಫಿಟಿಂಗ್ ಸೇರಿ.
ಸ್ವಿಚ್ಚಿಂದು: ಒಂದು ಲಕ್ಷ ಅರವತ್ತು ಸಾವಿರ.
ನೀವು ಯಾವುದು ಅಂದರೂ ನನ್ನ ಹೊಟ್ಟಿ ತುಂಬತದ.
ಎರಡನೇದಾದ್ರ ಒಂದಾ ಕರಾರು,
ಸ್ವಿಚ್ಚು ನಿಮ್ಮ ಟೇಬಲ್ಲಿಗೆ ಕೊಡೂದಿಲ್ಲ.
ತಪಾಸಣಿ ಮಂಚದ ಬದಿಗೆ, ಎರಡೂವರೆ ಫೂಟಿನ ಮ್ಯಾಲ,
ಮಲಗಿದಾಕಿ ಕೈ ಚಾಚಿದರ ಸಿಗೂಹಂಗ.
ಅಷ್ಟು ದೂರದ ತಂತಿಗೆ ರೊಕ್ಕ ಹಿಡದಿಲ್ಲ.

ಮುಂಗಡ ಅರ್ಧ. ಗಾಜು ಬರಲಿಕ್ಕೆ ಇಪ್ಪತ್ತು ದಿನ.
ಅಲ್ಲಿತನಕ
ಹಳೇ ಪಡದಾ ಬಿಚ್ಚಬ್ಯಾಡ್ರಿ.

ಇಂತಿ,
ಮೋನಪ್ಪ ಬಡಿಗೇರ